ಹಳೆ ಎ.ಸಿ.: ರಿಪೇರಿಯೋ, ಹೊಸತೋ?

2024ರ ರಮಝಾನ್‌ನ ಕೊನೆಯ ವಾರ. ಎಪ್ರಿಲ್ ತಿಂಗಳ ಬಿಸಿಲು. ತರಾವೀಹ್ ಮುಗಿದು ಮನೆಮಂದಿಯೆಲ್ಲ ಮಲಗುವ ಹೊತ್ತಿಗೆ ಅತ್ತೆಯವರ ಕೋಣೆಯಿಂದ ಕೆಮ್ಮಿನ ಶಬ್ದ ಕೇಳಿಸಿತು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಾರೆ. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಗೋಡೆಯ ಮೇಲಿನ ಎ.ಸಿ. ಏನೋ ಓಡುತ್ತಿತ್ತು. ಆದರೆ ಬರುತ್ತಿದ್ದುದು ಬರೀ ಗಾಳಿ, ತಂಪಿಲ್ಲ.

ಅತ್ತೆಗೆ ಎಪ್ಪತ್ತು ದಾಟಿದೆ. ಉಸಿರಾಟದ ತೊಂದರೆ ಇದೆ. ನಮ್ಮದು ರಾಯಾಪುರ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಹಳೆಯ ಪಿ.ಬಿ. ರಸ್ತೆಯ ಬದಿಯ ಊರು. ಧಾರವಾಡದ ಸುತ್ತಮುತ್ತ ಫ್ಯಾನ್ ಕೂಡ ಬೇಡವಾಗಿದ್ದ ಕಾಲವನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಬಿ.ಆರ್.ಟಿ.ಎಸ್. ಬಸ್ಸಿಗಾಗಿ ರಸ್ತೆ ಅಗಲವಾದಾಗ ಬದಿಯ ಎಷ್ಟೋ ಮರಗಳು ಹೋದವು. ಮಹಡಿಯ ಮೇಲೆ ನೇರ ಬಿಸಿಲು. ಸ್ಲ್ಯಾಬ್ ರಾತ್ರಿ ಹತ್ತರವರೆಗೂ ಕಾವು ಉಗುಳುತ್ತದೆ. ಹಾಗಾಗಿ 2011ರಲ್ಲಿ ಮಾವನವರು ಬದುಕಿದ್ದಾಗ ತಂದು ಹಾಕಿಸಿದ ಒಂದೂವರೆ ಟನ್ನಿನ ಎ.ಸಿ. ನಮಗೆ ಆಡಂಬರದ ವಸ್ತುವಾಗಿ ಉಳಿದಿರಲಿಲ್ಲ. ಅದು ಅತ್ತೆಯವರ ನಿದ್ದೆಯ ಪ್ರಶ್ನೆಯಾಗಿತ್ತು.

ಮರುದಿನ ಬಂದ ಮೆಕ್ಯಾನಿಕ್ ಹುಡುಗ ಹೊರಗಿನ ಪೆಟ್ಟಿಗೆಯನ್ನು ಮುಟ್ಟಿ ನೋಡಿ, "ಗ್ಯಾಸ್ ಖಾಲಿ ಆಗೇತ್ರಿ ಅಕ್ಕಾರ. ತುಂಬಿಸಿದ್ರ ಆತು. ಮೂರು ಸಾವಿರ ಆಗತೈತಿ" ಎಂದ. ಇದೇ ಮಾತನ್ನು 2022ರಲ್ಲೂ ಕೇಳಿದ್ದೆವು, 2023ರಲ್ಲೂ ಕೇಳಿದ್ದೆವು. ಎರಡು ಬಾರಿಯೂ ದುಡ್ಡು ಕೊಟ್ಟಿದ್ದೆವು. ಸಂಜೆ ನನ್ನ ಪತಿ ಅಂಗಡಿಯೊಂದರಲ್ಲಿ ವಿಚಾರಿಸಿದರು. "ಹದಿಮೂರು ವರ್ಷ ದುಡದೈತ್ರಿ ಅದು. ಇನ್ನ ಅದಕ್ಕ ರೊಕ್ಕಾ ಹಾಕಬ್ಯಾಡ್ರಿ. ಹೊಸಾದು ತಗೋರಿ, ಕರೆಂಟ್ ಬಿಲ್ಲಿನ್ಯಾಗ ರೊಕ್ಕಾ ವಾಪಸ್ ಬರತೈತಿ" ಎಂದರಂತೆ. ಐದು ಸ್ಟಾರಿನ ಹೊಸ ಎ.ಸಿ.ಗೆ ಫಿಟ್ಟಿಂಗ್ ಸೇರಿ 44 ಸಾವಿರ. ಹಳೆಯದನ್ನು ಕೊಟ್ಟರೆ 4 ಸಾವಿರ ಕಡಿತ. ಅಂದರೆ ಕೈಯಿಂದ ಹೋಗುವುದು 40 ಸಾವಿರ.

ನಮ್ಮ ಬಳಿ ಆ ಮೊತ್ತ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದು ಜೂನ್‌ನಲ್ಲಿ ಮಗಳ ಕಾಲೇಜು ಪ್ರವೇಶಕ್ಕೆಂದು ಒಂದು ವರ್ಷದಿಂದ ಕೂಡಿಟ್ಟ ಹಣ. ದಮ್ಮಾಮಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ, "ಹಳೆಯದನ್ನು ಬಿಸಾಡು ಅಕ್ಕಾ, ಇಲ್ಲಿ ಯಾರೂ ಅಷ್ಟು ವರ್ಷ ಇಟ್ಟುಕೊಳ್ಳುವುದಿಲ್ಲ" ಎಂದ. ಅತ್ತೆ ಮಾತ್ರ, "ನನ್ನ ಸಲುವಾಗಿ ಹುಡುಗಿಯ ರೊಕ್ಕಾ ಮುಟ್ಟಬ್ಯಾಡ್ರಿ. ನಾ ಅಂಗಳದಾಗ ಮಲಗತೀನಿ" ಎಂದು ಹಟ ಹಿಡಿದರು. ಸೊಸೆಯಾದವಳಿಗೆ ಇದಕ್ಕಿಂತ ಕಷ್ಟದ ಮಾತು ಬೇರೊಂದಿಲ್ಲ.

ಎಷ್ಟೋ ಮನೆಗಳಲ್ಲಿ ಪ್ರತಿ ಬೇಸಗೆಯೂ ಇಂತಹ ಚರ್ಚೆ ನಡೆಯುತ್ತದೆ. ಒಬ್ಬರು ರಿಪೇರಿ ಎನ್ನುತ್ತಾರೆ, ಇನ್ನೊಬ್ಬರು ಹೊಸತು ಎನ್ನುತ್ತಾರೆ. ಲೆಕ್ಕ ಹಾಕುವವರು ಕಡಿಮೆ. ಆ ವಾರ ನಾವು ಲೆಕ್ಕ ಹಾಕಿದೆವು. ಅದರಲ್ಲಿ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಗ್ಯಾಸ್ ಖಾಲಿಯಾಗುವುದಿಲ್ಲ!

ಪರಿಚಯದವರೊಬ್ಬರು ಹೇಳಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಹೇಳಿದ ಮೊದಲ ಮಾತೇ ನನ್ನ ಕಣ್ಣು ತೆರೆಸಿತು. "ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ರಿ ಅಕ್ಕಾರ, ಉರದು ಖಾಲಿ ಆಗಾಕ. ಪೈಪಿನ್ಯಾಗ ಸುತ್ತಕೋತನ ಇರತೈತಿ. ಕಡಿಮಿ ಆಗೇತಿ ಅಂದ್ರ ಎಲ್ಲೋ ಸೋರಾಕತ್ತೈತಿ ಅಂತನ ಅರ್ಥ."

ಎ.ಸಿ. ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಕಾವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಹೊರುವ ಕೆಲಸ ಮಾಡುವುದು ತಾಮ್ರದ ಕೊಳವೆಯೊಳಗೆ ಸುತ್ತುವ ಗ್ಯಾಸು. ಅದನ್ನು ಒತ್ತಿ ಓಡಿಸುವುದು ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್. ಕೊಳವೆ ಸರಿಯಾಗಿದ್ದರೆ ಕಂಪೆನಿಯಲ್ಲಿ ತುಂಬಿದ ಗ್ಯಾಸೇ ಕೊನೆಯವರೆಗೂ ಸಾಕು. ಸೋರಿಕೆಯನ್ನು ಹುಡುಕದೆ ಗ್ಯಾಸ್ ತುಂಬಿಸುವುದೆಂದರೆ ತೂತಿನ ಕೊಡಕ್ಕೆ ನೀರು ಸುರಿದಂತೆ. ಎರಡು ವರ್ಷ ನಾವು ಮಾಡಿದ್ದು ಅದನ್ನೇ.

ಆದ್ದರಿಂದ ಯಾರಾದರೂ "ಗ್ಯಾಸ್ ತುಂಬಿಸಬೇಕು" ಎಂದರೆ ಮೂರು ಪ್ರಶ್ನೆ ಕೇಳಿ. ಸೋರಿಕೆ ಎಲ್ಲಿದೆ? ಅದನ್ನು ಮುಚ್ಚಿದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುತ್ತೀರಾ? ಗ್ಯಾಸ್ ಹಾಕುವ ಮುಂಚೆ ಪಂಪಿನಿಂದ ಕೊಳವೆಯ ಗಾಳಿ ಮತ್ತು ತೇವವನ್ನು ಹೊರಗೆ ಎಳೆಯುತ್ತೀರಾ? ಈ ಮೂರಕ್ಕೂ ಸರಿಯಾದ ಉತ್ತರ ಕೊಡುವವರಿಗೆ ಒಂದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಮ್ಮ ಎ.ಸಿ.ಯಲ್ಲಿ ಸೋರಿಕೆ ಇದ್ದದ್ದು ಹೊರಗಿನ ಪೆಟ್ಟಿಗೆಗೆ ಕೊಳವೆ ಸೇರುವ ನಟ್ಟಿನ ಬಳಿ. ಸೋಪಿನ ನೊರೆ ಹಚ್ಚಿದಾಗ ಸಣ್ಣಗೆ ಗುಳ್ಳೆ ಎದ್ದವು. ಕೊಳವೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಅಗಲಿಸಿ ಬಿಗಿದರು. ಕಂಪ್ರೆಸರಿಗೆ ಚಾಲನೆ ಕೊಡುವ ಕೆಪಾಸಿಟರ್ ಎಂಬ ಡಬ್ಬಿಯಂತಹ ಭಾಗ ದುರ್ಬಲವಾಗಿತ್ತು, ಬದಲಿಸಿದರು. ಹೊರಗಿನ ಪೆಟ್ಟಿಗೆಯ ಜಾಲರಿಯಲ್ಲಿ ರಸ್ತೆಯ ಧೂಳು ಕಂಬಳಿಯ ಹಾಗೆ ಕೂತಿತ್ತು. ಅದನ್ನು ನೀರಿನಿಂದ ತೊಳೆದರು. ತೊಳೆದದ್ದಕ್ಕೆ 700, ಕೆಪಾಸಿಟರಿಗೆ 500, ಸೋರಿಕೆ ಮತ್ತು ಗ್ಯಾಸಿಗೆ 4,000. ಒಟ್ಟು 5,200 ರೂಪಾಯಿ.

ಮಗಳ ಮೀಟರ್ ಲೆಕ್ಕ

ಆದರೂ ಅಂಗಡಿಯವರ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಿಜಕ್ಕೂ ಹೊಸ ಎ.ಸಿ. ತನ್ನ ಬೆಲೆಯನ್ನು ಬಿಲ್ಲಿನಲ್ಲಿ ತೀರಿಸುತ್ತದೆಯೇ? ಉತ್ತರ ಕಂಡುಹಿಡಿದದ್ದು ಮಗಳು. ಫ್ರಿಜ್, ಲೈಟು ಎಲ್ಲ ಆರಿಸಿ, ಎ.ಸಿ. ಮಾತ್ರ ಎರಡು ಗಂಟೆ ಓಡಿಸಿ, ಮೊದಲೂ ಕೊನೆಗೂ ಮೀಟರ್ ಓದಿ ನೋಟ್‌ಬುಕ್ಕಿನಲ್ಲಿ ಬರೆದಳು. ರಿಪೇರಿಗೆ ಮುಂಚೆ ಗಂಟೆಗೆ 1.7 ಯೂನಿಟ್ ಬಂದಿತ್ತು. ರಿಪೇರಿಯ ನಂತರ 24 ಡಿಗ್ರಿಯಲ್ಲಿ 1.4ಕ್ಕೆ ಇಳಿಯಿತು. 26 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿದರೆ 1.1. ಸಂಬಂಧಿಕರ ಮನೆಯ ಹೊಸ ಐದು ಸ್ಟಾರ್ ಎ.ಸಿ.ಯನ್ನೂ 24ರಲ್ಲಿ ಹೀಗೆಯೇ ಅಳೆದಳು, 0.8 ಬಂತು.

ಅಂದರೆ ಹೊಸತರಿಂದ ಗಂಟೆಗೆ 0.6 ಯೂನಿಟ್ ಉಳಿತಾಯ. ಈಗ ಮುಖ್ಯ ಪ್ರಶ್ನೆ: ವರ್ಷಕ್ಕೆ ನಾವು ಎಷ್ಟು ಗಂಟೆ ಓಡಿಸುತ್ತೇವೆ?

ರಾಯಾಪುರದಲ್ಲಿ ಎ.ಸಿ. ಬೇಕಾಗುವುದು ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ. ಜೂನ್‌ನಲ್ಲಿ ಮಳೆಗಾಳಿ ಬಂತೆಂದರೆ ಚಾದರ ಹೊದೆಯುವ ಊರು ಇದು. ಸುಮಾರು 75 ದಿನ, ದಿನಕ್ಕೆ 5 ಗಂಟೆ ಎಂದುಕೊಂಡರೂ 375 ಗಂಟೆ. 0.6ರಿಂದ ಗುಣಿಸಿದರೆ 225 ಯೂನಿಟ್. ತೆರಿಗೆ, ಇತರ ಶುಲ್ಕ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 1,575 ರೂಪಾಯಿ. 40 ಸಾವಿರ ವಾಪಸ್ ಬರಲು 25 ವರ್ಷ ಬೇಕು! ಅಷ್ಟರಲ್ಲಿ ಆ ಹೊಸ ಎ.ಸಿ.ಯೂ ಗುಜರಿ ಸೇರಿರುತ್ತದೆ.

ಇದೇ ಲೆಕ್ಕವನ್ನು ಮಂಗಳೂರಿನ ಮನೆಗೆ ಹಾಕಿ ನೋಡಿ. ಅಲ್ಲಿ ಸೆಕೆ ವರ್ಷದ ಹೆಚ್ಚಿನ ಭಾಗ ಇರುತ್ತದೆ. 240 ದಿನ, ರಾತ್ರಿಗೆ 8 ಗಂಟೆಯಂತೆ ಓಡಿಸುವ ಮನೆಯಲ್ಲಿ 1,920 ಗಂಟೆಯಾಗುತ್ತದೆ. ಉಳಿತಾಯ 1,152 ಯೂನಿಟ್, ಅಂದರೆ ವರ್ಷಕ್ಕೆ ಎಂಟು ಸಾವಿರ ರೂಪಾಯಿ. ಐದೇ ವರ್ಷದಲ್ಲಿ ಹಣ ವಾಪಸ್. ಜೊತೆಗೆ ಕಡಲ ಬದಿಯ ಉಪ್ಪುಗಾಳಿ ಹೊರಗಿನ ಪೆಟ್ಟಿಗೆಯನ್ನು ಬೇಗ ತಿನ್ನುತ್ತದೆ. ಅಲ್ಲಿಯವರಿಗೆ ಹೊಸತು ಕೊಳ್ಳುವುದೇ ಜಾಣತನ ಇರಬಹುದು. ನನ್ನ ತಮ್ಮನ ಮಾತೂ ಸುಳ್ಳಲ್ಲ. ದಮ್ಮಾಮಿನಲ್ಲಿ ಎ.ಸಿ. ನಿಲ್ಲಿಸುವ ತಿಂಗಳುಗಳೇ ಕಡಿಮೆ. ಅಲ್ಲಿಯ ಬುದ್ಧಿಯನ್ನು ಇಲ್ಲಿಗೆ ತಂದರೆ ಮಾತ್ರ ನಷ್ಟ.

ಎ.ಸಿ.ಯ ಮೇಲಿನ ಸ್ಟಾರ್ ಚೀಟಿಯನ್ನೂ ಹೀಗೆಯೇ ಓದಬೇಕು. ಅದರಲ್ಲಿ ಬರೆದಿರುವ ವರ್ಷದ ಯೂನಿಟ್ ಸಂಖ್ಯೆ 1,600 ಗಂಟೆಯ ಬಳಕೆಗೆ ಹಾಕಿದ್ದು. ನೀವು ಅದರ ಕಾಲು ಭಾಗ ಓಡಿಸಿದರೆ ಉಳಿತಾಯವೂ ಕಾಲು ಭಾಗವೇ. ಚೀಟಿಯ ಮೇಲಿನ ವರ್ಷವನ್ನೂ ನೋಡಿ. ಸ್ಟಾರಿನ ಮಾನದಂಡ ಆಗಾಗ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಹಾಗಾದಾಗ ಹಿಂದಿನ ಐದು ಸ್ಟಾರ್ ನಾಲ್ಕಕ್ಕೆ ಇಳಿದಿತ್ತು. ಹಳೆ ಚೀಟಿಯ ಐದು ಸ್ಟಾರ್ ಮತ್ತು ಹೊಸ ಚೀಟಿಯ ಐದು ಸ್ಟಾರ್ ಒಂದೇ ಅಲ್ಲ.

ಇನ್ನೂರು ಯೂನಿಟ್ಟಿನ ಗೆರೆ

ಕರ್ನಾಟಕದ ಗೃಹಿಣಿಯರಿಗೆ ಇನ್ನೊಂದು ಲೆಕ್ಕವೂ ಇದೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಯೂನಿಟ್ ನಿಗದಿಯಾಯಿತು. ಆ ಮಿತಿಯನ್ನು ದಾಟಿದರೂ 200 ಯೂನಿಟ್ಟಿನ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ ನಮ್ಮದೇ.

ಹೆಸ್ಕಾಂ ಬಿಲ್ಲಿನ ಪ್ರಕಾರ ನಮ್ಮ ಮನೆಗೆ ಸಿಕ್ಕ ಉಚಿತ ಮಿತಿ ಸುಮಾರು 115 ಯೂನಿಟ್. ಎ.ಸಿ. ಬಿಟ್ಟು ಬೇಸಗೆಯ ತಿಂಗಳ ಖರ್ಚು 95 ಯೂನಿಟ್. ಸೋರುವ ಎ.ಸಿ.ಯನ್ನು ದಿನಕ್ಕೆ 5 ಗಂಟೆ ಓಡಿಸಿದರೆ ತಿಂಗಳಿಗೆ 255 ಯೂನಿಟ್ ಅದಕ್ಕೇ ಬೇಕು. ಒಟ್ಟು 350. ಅಂದರೆ 2,450 ರೂಪಾಯಿ, ಮೇಲೆ ನಿಗದಿತ ಶುಲ್ಕ ಬೇರೆ.

ರಿಪೇರಿಯ ನಂತರ ಕ್ರಮ ಬದಲಿಸಿದೆವು. 26 ಡಿಗ್ರಿ, ಜೊತೆಗೆ ಫ್ಯಾನ್. ಮಲಗುವಾಗ ಮೂರು ಗಂಟೆಗೆ ಟೈಮರ್. ನಮ್ಮೂರಿನಲ್ಲಿ ಮಧ್ಯರಾತ್ರಿ ಕಳೆದರೆ ಹೊರಗಿನ ಗಾಳಿಯೇ ತಂಪು. ಆಗ ಕಿಟಕಿ ತೆರೆದರೆ ಸಾಕು. ಈಗ ಎ.ಸಿ.ಗೆ ತಿಂಗಳಿಗೆ 99 ಯೂನಿಟ್, ಒಟ್ಟು 194. ಗೆರೆಯ ಒಳಗೇ ಉಳಿದೆವು! ಹೆಚ್ಚಿನ 79 ಯೂನಿಟ್ಟಿಗೆ ಸುಮಾರು 550 ರೂಪಾಯಿ ಕಟ್ಟಿದರೆ ಆಯಿತು. ಎ.ಸಿ.ಯಲ್ಲಿ ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 2020ರಿಂದ ತಯಾರಾದ ಸ್ಟಾರ್ ಎ.ಸಿ.ಗಳನ್ನು ಹಚ್ಚಿದೊಡನೆ 24 ಡಿಗ್ರಿ ತೋರಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಯಾವಾಗ ಬಿಡಬೇಕು?

ಹಳೆಯದನ್ನು ಎಂದೆಂದಿಗೂ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ವಯಸ್ಸಿಗಿಂತ ಕಾಯಿಲೆ ಯಾವುದೆಂದು ನೋಡಬೇಕು. ಕೆಪಾಸಿಟರ್, ಫ್ಯಾನ್ ಮೋಟಾರ್, ಸೆನ್ಸರ್, ನೀರು ಹೋಗುವ ಪೈಪು, ನಟ್ಟಿನ ಬಳಿಯ ಸೋರಿಕೆ ಇವೆಲ್ಲ ರಿಪೇರಿಗೆ ತಕ್ಕ ಕಾಯಿಲೆಗಳು. ಕಂಪ್ರೆಸರೇ ಸುಟ್ಟಿದ್ದರೆ, ಒಳಗಿನ ಪೆಟ್ಟಿಗೆಯ ಸುರುಳಿಯಲ್ಲಿ ಅಲ್ಲಲ್ಲಿ ಸೂಜಿತೂತು ಬಿದ್ದು ಮತ್ತೆಮತ್ತೆ ಸೋರುತ್ತಿದ್ದರೆ, ಬಿಡಿಭಾಗವೇ ಸಿಗದಿದ್ದರೆ ಬಿಟ್ಟುಬಿಡುವುದು ಮೇಲು. ಹತ್ತು ವರ್ಷ ದಾಟಿದ ಎ.ಸಿ.ಯ ರಿಪೇರಿಗೆ ಹೊಸತರ ಅರ್ಧ ಬೆಲೆ ಕೇಳಿದರೆ ಒಪ್ಪಬೇಡಿ ಎಂಬುದು ಈ ಕಸುಬಿನವರ ಸಾಮಾನ್ಯ ಸೂತ್ರ.

ಗ್ಯಾಸಿನ ವಿಷಯವೂ ಇದೆ. ಪೆಟ್ಟಿಗೆಯ ಮೇಲಿನ ಲೋಹದ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ. ನಮ್ಮದರಂತೆ 'ಆರ್-22' ಎಂದಿದ್ದರೆ ಅದು ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸು. 1987ರ ಮಾಂಟ್ರಿಯಲ್ ಒಪ್ಪಂದದಂತೆ ಜಗತ್ತು ಅದನ್ನು ಹಂತಹಂತವಾಗಿ ಕೈಬಿಡುತ್ತಿದೆ. ಭಾರತದಲ್ಲಿ ಆ ಗ್ಯಾಸಿನ ಹೊಸ ಎ.ಸಿ. ತಯಾರಿಸುವುದು 2025ರಿಂದ ನಿಂತಿದೆ. ಹಳೆಯವುಗಳ ರಿಪೇರಿಗೆ ಗ್ಯಾಸ್ ಇನ್ನೂ ಸಿಗುತ್ತದೆ. ಆದರೆ 2030ರ ನಂತರ ರಿಪೇರಿಗೆಂದು ತೀರಾ ಸಣ್ಣ ಪಾಲು ಮಾತ್ರ ಉಳಿಯಲಿದೆ. ಹಾಗಾಗಿ ಇನ್ನು ಮುಂದೆ ಅದರಲ್ಲಿ ದೊಡ್ಡ ಸೋರಿಕೆ ಬಂದರೆ ದುಡ್ಡು ಹಾಕುವುದು ಸಲ್ಲ. ಅಗ್ಗವೆಂದು ಆರ್-22ರ ಎ.ಸಿ.ಗೆ ಬೇರೆ ಗ್ಯಾಸ್ ತುಂಬಿಸಲು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಈಗಿನ ಆರ್-32ರ ಒತ್ತಡ ಹೆಚ್ಚು, ಬೆಂಕಿ ತಗಲುವ ಗುಣವೂ ಸ್ವಲ್ಪ ಇದೆ. ಹಳೆ ಯಂತ್ರವನ್ನು ಅದಕ್ಕಾಗಿ ಮಾಡಿಲ್ಲ. ಸುಟ್ಟ ವಾಸನೆ ಬಂದರೆ, ಪ್ಲಗ್ ಬಿಸಿಯಾದರೆ ಆ ಕ್ಷಣವೇ ಆರಿಸಿ. ಅಲ್ಲಿ ಉಳಿತಾಯದ ಮಾತಿಲ್ಲ.

ಹೊಸತು ಕೊಳ್ಳುವುದಾದರೆ...

ಹೊಸತು ಎಂದರೆ ರಿಪೇರಿಯೇ ಇಲ್ಲ ಎಂದುಕೊಳ್ಳಬೇಡಿ. ಈಗಿನ ಇನ್ವರ್ಟರ್ ಎ.ಸಿ.ಗಳು ಓಡುವುದು ಸರ್ಕ್ಯೂಟ್ ಬೋರ್ಡಿನ ಬಲದಿಂದ. ಕರೆಂಟಿನ ಏರಿಳಿತಕ್ಕೆ ಅದು ಸುಟ್ಟರೆ ಸಾವಿರಾರು ರೂಪಾಯಿ. "ಹತ್ತು ವರ್ಷ ವಾರಂಟಿ" ಎಂದು ದೊಡ್ಡದಾಗಿ ಬರೆದಿರುವುದು ಹೆಚ್ಚಾಗಿ ಕಂಪ್ರೆಸರಿಗೆ ಮಾತ್ರ. ಬೋರ್ಡಿಗೆ ಎಷ್ಟು ವರ್ಷ, ಸುರುಳಿಗೆ ಎಷ್ಟು, ಗ್ಯಾಸಿಗೆ ಉಂಟೇ ಇಲ್ಲವೇ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವರ್ಷಕ್ಕೆ ಮುನ್ನೂರು ನಾನೂರು ಗಂಟೆ ಓಡಿಸುವ ಮನೆಗೆ ಮೂರು ಸ್ಟಾರ್ ಸಾಕೇ ಎಂಬುದನ್ನೂ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ.

ಕಂತಿನ ಮಾತನ್ನೂ ಹೇಳಲೇಬೇಕು. "ಬಡ್ಡಿಯಿಲ್ಲದ ಕಂತು" ಎಂದು ಅಂಗಡಿಗಳಲ್ಲಿ ಬೋರ್ಡು ಹಾಕಿರುತ್ತಾರೆ. ಬಡ್ಡಿಯಿಂದ ದೂರವಿರಬೇಕೆಂಬ ನಮ್ಮ ಮನೆಗಳು ಇದನ್ನು ನಂಬಿ ಸಹಿ ಹಾಕುತ್ತವೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಪ್ರೊಸೆಸಿಂಗ್ ಶುಲ್ಕದಂತಹ ಬೇರೆ ಹೆಸರಿನಲ್ಲಿ ವಸೂಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಗದು ಕೊಟ್ಟರೆ ಎಷ್ಟು, ಕಂತಿಗೆ ಒಟ್ಟು ಎಷ್ಟು ಎಂದು ಎರಡು ಸಾಲು ಬರೆಸಿಕೊಳ್ಳಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ.

ಹಳೆಯದನ್ನು ಕೊಡುವಾಗ ಗುಜರಿಯವರು ತಾಮ್ರಕ್ಕಾಗಿ ಕೊಳವೆಯನ್ನು ಹಾಗೆಯೇ ಕತ್ತರಿಸಲು ಬಿಡಬೇಡಿ. ಒಳಗಿನ ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. ಎ.ಸಿ. ಇ-ತ್ಯಾಜ್ಯದ ನಿಯಮಕ್ಕೆ ಒಳಪಟ್ಟ ವಸ್ತು. ಕಂಪೆನಿಯ ವಿನಿಮಯದಲ್ಲೋ ನೋಂದಾಯಿತ ಮರುಬಳಕೆದಾರರಿಗೋ ಕೊಡುವುದು ಒಳ್ಳೆಯದು.

ಈಗ ನಮ್ಮ ಮನೆಯಲ್ಲಿ

2024ರ ಈದ್‌ನ ರಾತ್ರಿ ಅತ್ತೆ ತಮ್ಮ ಕೋಣೆಯಲ್ಲೇ ನಿದ್ದೆ ಮಾಡಿದರು. ಜೂನ್‌ನಲ್ಲಿ ಮಗಳು ಕಾಲೇಜು ಸೇರಿದಳು. 2025ರ ಬೇಸಗೆಯನ್ನೂ ಆ ಹಳೆ ಎ.ಸಿ. ಗ್ಯಾಸ್ ತುಂಬಿಸದೆಯೇ ದಾಟಿಸಿತು. ತಿಂಗಳಿಗೆರಡು ಬಾರಿ ಜಾಳಿಗೆ ತೊಳೆಯುವುದು, ಮಾರ್ಚ್‌ಗೆ ಮುಂಚೆ ಹೊರಗಿನ ಪೆಟ್ಟಿಗೆಯ ಧೂಳು ತೆಗೆಸುವುದು ಈಗ ಮನೆಯ ಪದ್ಧತಿಯಾಗಿದೆ. ಮಹಡಿಯ ಮೇಲೆ ಸುಣ್ಣ ಬಳಿಸಿದ್ದೇವೆ, ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿದ್ದೇವೆ.

ಆದರೆ ಅದರ ದಿನಗಳು ಮುಗಿಯುತ್ತಿವೆ ಎಂಬುದು ನಮಗೆ ಗೊತ್ತಿದೆ. ಆದ್ದರಿಂದ ಎರಡು ತೀರ್ಮಾನ ಮಾಡಿದ್ದೇವೆ. ಕಂಪ್ರೆಸರ್ ಹೋದರೆ ಅಥವಾ ಸುರುಳಿ ಸೋರಿದರೆ ಚರ್ಚೆಯಿಲ್ಲ, ಹೊಸತು. ಅಲ್ಲಿಯವರೆಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಬೇರೆ ತೆಗೆದಿಡುವುದು. ಬೇಸಗೆಯ ನಡುರಾತ್ರಿಯ ಗಾಬರಿಯಲ್ಲಿ ಯಾರದೋ ಮಾತಿಗೆ ಒಪ್ಪಿಕೊಂಡು, ಮಕ್ಕಳ ಹಣಕ್ಕೆ ಕೈಹಾಕುವ ಪರಿಸ್ಥಿತಿ ಮತ್ತೆ ಬರಬಾರದು.

ಆ ಹಣವಿರುವ ಡಬ್ಬಿಯನ್ನು ಅತ್ತೆಯವರೇ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಪ್ರತಿ ತಿಂಗಳು ಒಂದನೇ ತಾರೀಕಿಗೆ ನೆನಪಿಸುವವರೂ ಅವರೇ. ಮೀಟರ್ ಓದಿ ಬರೆಯುವ ನೋಟ್‌ಬುಕ್ ಮಾತ್ರ ಇನ್ನೂ ಮಗಳ ಬಳಿಯೇ ಇದೆ. ಈ ಬೇಸಗೆಯ ಮೊದಲ ದಿನ ನಿಮ್ಮ ಮನೆಯಲ್ಲೂ ಅಂತಹದೊಂದು ನೋಟ್‌ಬುಕ್ ತೆರೆದು ನೋಡಿ. ರಿಪೇರಿಯೋ ಹೊಸತೋ ಎಂಬುದಕ್ಕೆ ನಿಮ್ಮ ಉತ್ತರ ನಮ್ಮದಕ್ಕಿಂತ ಬೇರೆಯೇ ಇರಬಹುದು. ಆದರೆ ಅದು ನಿಮ್ಮ ಮನೆಯ ಲೆಕ್ಕದಿಂದ ಬಂದಿರಲಿ.